ಬೀಜದಿಂದ ಬೀಜಕ್ಕೆ: ಮನೆಯಂಗಳದ ಟೊಮ್ಯಾಟೊ



ಇಂದು ಟೊಮ್ಯಾಟೊ ಇಲ್ಲದ ಅಡಿಗೆಮನೆ ವಿರಳ. ಆದರೆ 1508ರ ಸುಮಾರಿನಲ್ಲಿ ಮೂರನೆಯ ಮಂಗರಸನು ರಚಿಸಿದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಬಗೆಬಗೆಯ ಪಾಕಗಳುಂಟು, ಟೊಮ್ಯಾಟೊದ ಸುಳಿವಿಲ್ಲ. ಇರುವುದಾದರೂ ಹೇಗೆ? ಅದರ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶ. ಪೋರ್ಚುಗೀಸರು ಬಂದ ಮೇಲೆಯೇ ಅದು ನಮ್ಮ ದೇಶವನ್ನು ಕಂಡಿತು. ಬದನೆ, ಬಟಾಟೆ, ಮೆಣಸಿನಕಾಯಿಗಳ ಕುಲಕ್ಕೆ ಸೇರಿದ ಗಿಡವಿದು. ಕೆಲವೆಡೆ ಕನ್ನಡಿಗರು ಇದನ್ನು ‘ಚಪ್ಪರಬದನೆ’ಯೆಂದೇ ಕರೆದರು. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮೆಣಸಿನಕಾಯಿಗೂ ಇದಕ್ಕೂ ದಾಯಾದಿ ಸಂಬಂಧ.

ಕೆಲವು ವರ್ಷಗಳ ಹಿಂದೆ ಪ್ರಸಾದನಿಲಯದ ಹಿತ್ತಲಿನಲ್ಲಿ ಮಕ್ಕಳಿಂದ ಕೈತೋಟ ಮಾಡಿಸುತ್ತಿದ್ದೆ. ಮೂಡಲಗಿಯ ಕಡೆಯ ಒಬ್ಬ ಹುಡುಗನಿಗೆ, ಗೋಕಾಕದ ಸಂತೆಯಿಂದ ತಂದ ದುಂಡನೆಯ ಹಣ್ಣೊಂದನ್ನು ಕೊಟ್ಟು, ಅದರ ಬೀಜ ಬಿತ್ತಲು ಹೇಳಿದೆ. ಅವನು ಶ್ರದ್ಧೆಯಿಂದ ಬೆಳೆಸಿದ. ಹಣ್ಣಾದಾಗ ನೋಡಿದರೆ ಒಂದು ಗಿಡದಲ್ಲಿ ದುಂಡನೆಯವು, ಇನ್ನೊಂದರಲ್ಲಿ ನೀಳವಾದವು, ಮತ್ತೊಂದರಲ್ಲಿ ನೆಲ್ಲಿಯಷ್ಟು ಸಣ್ಣವು! “ಬಿತ್ತಿದಂತೆ ಬೆಳೆಯೆಂದು ಪಾಠ ಹೇಳಿದ್ದೇನೆ. ಎಲ್ಲಿಯ ಬೀಜ ಬೆರೆಸಿದೆ?” ಎಂದು ಗದರಿದೆ. “ಇಲ್ರೀ ಸರ, ನೀವು ಕೊಟ್ಟ ಹಣ್ಣಿನ ಬೀಜಾನ ಹಾಕೀನ್ರಿ” ಎಂದು ಕಣ್ಣೀರು ತಂದುಕೊಂಡ. ನಾನು ನಂಬಲಿಲ್ಲ.

ಮುಂದೆ ಅರಭಾವಿಯ ತೋಟಗಾರಿಕೆ ಮಹಾವಿದ್ಯಾಲಯದಲ್ಲಿ ಓದಿದ ಹಳೆಯ ಶಿಷ್ಯನೊಬ್ಬನು ನಿಜವನ್ನು ತಿಳಿಸಿದ. ಸಂತೆಯ ಹಣ್ಣುಗಳಲ್ಲಿ ಬಹಳಷ್ಟು ಸಂಕರ ತಳಿಯವು. ಎರಡು ಭಿನ್ನ ತಳಿಗಳನ್ನು ಕೂಡಿಸಿ ಪಡೆದವು. ವ್ಯಾಕರಣದ ಉದಾಹರಣೆಯಿಂದ ಹೇಳುವುದಾದರೆ ಇದೊಂದು ಗುಣಸಂಧಿ. ‘ಸೂರ್ಯೋದಯ’ದಲ್ಲಿ ಅಕಾರವೂ ಕಾಣದು, ಉಕಾರವೂ ಕಾಣದು; ಓಕಾರವೊಂದೇ ಕಾಣುವುದು. ಪದವನ್ನು ಬಿಡಿಸಿದಾಗ ಅಡಗಿದ್ದ ಎರಡೂ ಹೊರಬರುತ್ತವೆ. ಸಂಕರದ ಹಣ್ಣಿನ ಬೀಜವನ್ನು ಬಿತ್ತಿದಾಗಲೂ ಹಾಗೆಯೇ: ಅಜ್ಜ-ಅಜ್ಜಿಯರ ಅಡಗಿದ ಗುಣಗಳು ಮೊಮ್ಮಕ್ಕಳಲ್ಲಿ ಒಡೆದು ತೋರುತ್ತವೆ. ಬಟಾಣಿ ಗಿಡಗಳ ಮೇಲೆ ಪ್ರಯೋಗ ನಡೆಸಿ ಮೆಂಡಲನು 1866ರಲ್ಲಿ ಪ್ರಕಟಿಸಿದ ನಿಯಮವಿದು. ಬಿತ್ತಿದಂತೆಯೇ ಬೆಳೆದಿತ್ತು, ಬಿತ್ತಿದ್ದು ಏನೆಂದು ನನಗೆ ತಿಳಿದಿರಲಿಲ್ಲ.

ಆದುದರಿಂದ ಮೊದಲು ಬೀಜವನ್ನರಿಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ವಿಕಾಸ್’ ಶುದ್ಧ ತಳಿ. ಅದರ ಬೀಜವನ್ನು ಉಳಿಸಿ ಮತ್ತೆ ಬಿತ್ತಬಹುದು. ಅದೇ ಸಂಸ್ಥೆಯ ‘ಅರ್ಕಾ ರಕ್ಷಕ್’ ಮೂರು ರೋಗಗಳನ್ನು ತಡೆಯಬಲ್ಲ ಸಂಕರ ತಳಿ. ಅದಕ್ಕೆ ಪ್ರತಿಸಲವೂ ಹೊಸ ಬೀಜ ಬೇಕು. ಎರಡೂ ಉಪಯುಕ್ತವೇ, ವ್ಯತ್ಯಾಸ ತಿಳಿದಿರಬೇಕು, ಅಷ್ಟೆ.

ಇನ್ನು ಬಿತ್ತುವ ಕ್ರಮ. ನಮ್ಮ ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದರೆ ಬಿರಿಯುತ್ತದೆ. ಆದ್ದರಿಂದ ಕುಂಡಕ್ಕೆ ಕೆಂಪುಮಣ್ಣು, ಉಸುಕು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರಗಳನ್ನು ಸಮಪಾಲಾಗಿ ಬೆರೆಸಬೇಕು. ಬೀಜವನ್ನು ಸುಮಾರು 1 ಸೆಂಟಿಮೀಟರ್ ಆಳದಲ್ಲಿಟ್ಟು, ತೆಳುವಾಗಿ ಮಣ್ಣು ಮುಚ್ಚಿ, ನೀರು ಚಿಮುಕಿಸಬೇಕು. ವಾರದೊಳಗೆ ಮೊಳಕೆ ಕಾಣುವುದು. ಮೊದಲಿನ ಎರಡು ಎಲೆಗಳು ಬೀಜದಳಗಳು. ಅನಂತರ ಬರುವ ಕಚ್ಚುಳ್ಳ ಎಲೆಗಳೇ ನಿಜವಾದ ಎಲೆಗಳು. ನಮ್ಮ ಒಕ್ಕಲಿಗರು ಇಂಥ ಎಳೆಸಸಿಗೆ ‘ಅಗಿ’ ಎನ್ನುವರು. ಅದು ‘ಅಗೆ’ಯೆಂಬ ಹಳೆಯ ಕನ್ನಡ ಶಬ್ದವೇ. ಅಗಿಯ ಮೇಲೆ ತೆಳುಬಟ್ಟೆಯ ಪರದೆಯಿರಲಿ. ಬಿಳಿನೊಣವು ಎಲೆಮುರುಟು ರೋಗವನ್ನು ಹರಡುತ್ತದೆ. ಆ ರೋಗ ತಗಲಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹಾಕಬೇಕು.

25-30 ದಿನಗಳಾದ ಮೇಲೆ ಸಂಜೆಯ ತಂಪಿನಲ್ಲಿ, ಕಾಂಡದ ಕೆಳಭಾಗವೂ ಮಣ್ಣಿನೊಳಗಿರುವಂತೆ ಅಗಿಯನ್ನು ನೆಡಬೇಕು. ಹೂತ ಕಾಂಡದಿಂದಲೂ ಬೇರುಗಳು ಒಡೆಯುತ್ತವೆ. ಗಿಡದಿಂದ ಗಿಡಕ್ಕೆ 2 ಅಡಿ ಅಂತರವಿರಲಿ, ಆಸರೆಗೊಂದು ಕೋಲಿರಲಿ. ನೀರನ್ನು ಬುಡಕ್ಕೆ ಹಿತಮಿತವಾಗಿ, ನಿಯಮದಂತೆ ಕೊಡಬೇಕು. ಒಂದು ದಿನ ಪ್ರವಾಹ, ನಾಲ್ಕು ದಿನ ಬರ ಎಂಬಂತಾದರೆ ಸುಣ್ಣದಂಶವು ಕಾಯಿಗೆ ಸಲ್ಲದೆ ಅದರ ತಳ ಕಪ್ಪಾಗಿ ಕೊಳೆಯುವುದು. ನಮ್ಮ ಕಡೆಯ ಚೈತ್ರ-ವೈಶಾಖಗಳ ಬಿಸಿಲಿಗೆ ಹೂ ಉದುರುತ್ತದೆ. ಆದ್ದರಿಂದ ಭಾದ್ರಪದ-ಆಶ್ವಿನಗಳಲ್ಲಿ ಬಿತ್ತಿದರೆ ಚಳಿಗಾಲದಲ್ಲಿ ಹಣ್ಣು ದೊರೆಯುವುದು.

ಹಣ್ಣನ್ನು ತಿಂದಲ್ಲಿಗೆ ಕೆಲಸ ಮುಗಿಯಲಿಲ್ಲ. ಶುದ್ಧ ತಳಿಯ ನಿರೋಗಿ ಗಿಡದಲ್ಲಿ ಚೆನ್ನಾಗಿ ಕಳಿತ ಹಣ್ಣೊಂದನ್ನು ಆರಿಸಿ, ಅದರ ತಿರುಳನ್ನು ಬಟ್ಟಲಿಗೆ ಹಿಂಡಿ, ಒಂದೆರಡು ದಿನ ಹುಳಿಯಲು ಬಿಡಬೇಕು. ಬೀಜವನ್ನು ಸುತ್ತಿದ ಲೋಳೆಯು ಮೊಳಕೆಯನ್ನು ತಡೆಯುತ್ತದೆ. ಹುಳಿದಾಗ ಅದು ಕಳಚುವುದು. ನೀರು ಹಾಕಿ ತೊಳೆದರೆ ಜಳ್ಳು ತೇಲಿ, ಗಟ್ಟಿಬೀಜ ತಳಕ್ಕಿಳಿಯುವುದು. ಅದನ್ನು ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣದಲ್ಲಿಟ್ಟು, ತಳಿಯ ಹೆಸರನ್ನೂ ವರ್ಷವನ್ನೂ ಬರೆದಿಡಿರಿ. ತೇವವಿಲ್ಲದೆಡೆ ಇಟ್ಟರೆ ಮೂರು ವರ್ಷವಾದರೂ ಮೊಳೆಯುವ ಶಕ್ತಿ ಉಳಿಯುವುದು.

ನನಗೆ ಈ ನಿಜ ತಿಳಿಯುವಷ್ಟರಲ್ಲಿ ಆ ಹುಡುಗನು ಪರೀಕ್ಷೆ ಮುಗಿಸಿ ಊರಿಗೆ ತೆರಳಿದ್ದನು. ಅವನ ಕೈಗೆ ಈ ಸಂಚಿಕೆ ಸಿಕ್ಕೀತು. ಸಿಕ್ಕರೆ, ಮಗು, ಅಂದು ನೀನು ಹೇಳಿದ್ದೇ ಸರಿಯಾಗಿತ್ತು; ತಪ್ಪು ನಿನ್ನ ಗುರುವಿನದು.