ಗಡಿಯಾರಕ್ಕಿಂತ ಮೊದಲೇ ಹುಟ್ಟಿದ ಗಡಿಯಾರದ ಗೋಪುರ

ಪ್ರಶ್ನೆ: ರುಮೇನಿಯಾದ ಸಿಗಿಶ್ವಾರಾ ಎಂಬ ಊರಿನ ಗಡಿಯಾರದ ಗೋಪುರದ ಫೋಟೊ ನೋಡಿದೆ. ದೊಡ್ಡ ಶಿಖರದ ಸುತ್ತ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಶಿಖರಗಳಿವೆ. ಗಡಿಯಾರದ ಪಕ್ಕದ ಗೂಡಿನಲ್ಲಿ ಬೊಂಬೆಗಳೂ ಇವೆ. ಇವೆಲ್ಲ ಬರೀ ಅಲಂಕಾರವೇ? ಅಷ್ಟು ಚಿಕ್ಕ ಊರಿಗೆ ಅಷ್ಟು ಎತ್ತರದ ಗಡಿಯಾರ ಯಾಕೆ ಬೇಕಿತ್ತು?
— ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಗಡಿಯಾರ ಇಡಬೇಕೆಂದು ಆ ಗೋಪುರವನ್ನು ಯಾರೂ ಕಟ್ಟಲಿಲ್ಲ. ಅದು ಕೋಟೆಯ ಹೆಬ್ಬಾಗಿಲು ಕಾಯಲು ಹದಿನಾಲ್ಕನೆಯ ಶತಮಾನದಲ್ಲಿ ಎದ್ದು ನಿಂತ ಬುರುಜು. ಗಡಿಯಾರ ಎಷ್ಟೋ ಕಾಲದ ಮೇಲೆ ಬಂದು ಸೇರಿದ ಬಾಡಿಗೆದಾರ. ಕೊನೆಗೆ ಮನೆಗೇ ತನ್ನ ಹೆಸರು ಹಾಕಿಸಿಕೊಂಡಿತು.

ಸಿಗಿಶ್ವಾರಾ ಇರುವುದು ಟ್ರಾನ್ಸಿಲ್ವೇನಿಯಾದಲ್ಲಿ. ಆ ನಾಡು ಹಂಗೇರಿಯ ಕೈಯಲ್ಲಿದ್ದಾಗ, ಹನ್ನೆರಡನೆಯ ಶತಮಾನದಲ್ಲಿ, ದೊರೆ ಎರಡನೆಯ ಗೇಜಾ ಗಡಿ ಕಾಯುವುದಕ್ಕೂ ನೆಲ ಹಸನು ಮಾಡುವುದಕ್ಕೂ ಜರ್ಮನ್ ಮಾತಾಡುವ ಜನರನ್ನು ಕರೆಸಿ ನೆಲೆ ಕೊಟ್ಟ. ಅವರನ್ನು ಸ್ಯಾಕ್ಸನ್ನರು ಎಂದು ಕರೆಯುವುದು ರೂಢಿ. ಗುಡ್ಡದ ಮೇಲೆ ಅವರು ಕಟ್ಟಿಕೊಂಡ ಕೋಟೆಯ ಗೋಡೆಯುದ್ದಕ್ಕೂ ಬುರುಜುಗಳಿದ್ದವು. ಒಂದೊಂದನ್ನು ಕಟ್ಟುವ, ಕಾಯುವ ಹೊಣೆ ಒಂದೊಂದು ಕಸುಬಿನವರ ಸಂಘದ್ದು: ದರ್ಜಿಗಳದೊಂದು, ಜೋಡು ಹೊಲಿಯುವವರದೊಂದು, ಕಟುಕರದೊಂದು, ಹಗ್ಗ ಹೊಸೆಯುವವರದೊಂದು, ತವರದ ಕೆಲಸದವರದೊಂದು. ಹದಿನಾಲ್ಕು ಬುರುಜುಗಳಲ್ಲಿ ಒಂಬತ್ತು ಇವತ್ತಿಗೂ ನಿಂತಿವೆ.

ಹೆಬ್ಬಾಗಿಲ ಬುರುಜು ಮಾತ್ರ ಯಾವ ಕಸುಬಿಗೂ ಸೇರದೆ ಇಡೀ ಊರಿನ ಸೊತ್ತಾಗಿತ್ತು. 1556ರವರೆಗೆ ಊರಿನ ಆಡಳಿತ ಸಭೆ ಕೂಡುತ್ತಿದ್ದದ್ದು ಅದರೊಳಗೇ. ಸಿಡಿಮದ್ದಿನ ದಾಸ್ತಾನು ಇಡುತ್ತಿದ್ದದ್ದೂ ಅಲ್ಲೇ. ಹಾಗಾಗಿ ಆ ಎತ್ತರ ಊರಿನ ಅಳತೆಗೆ ಹೊಂದಿದ್ದಲ್ಲ, ಊರಿನ ಅಧಿಕಾರಕ್ಕೆ ಹೊಂದಿದ್ದು.

ನಾಲ್ಕು ಪುಟ್ಟ ಶಿಖರಗಳ ಅರ್ಥವೂ ಇಲ್ಲೇ ಇದೆ. ಮಧ್ಯಯುಗದ ಯುರೋಪಿನಲ್ಲಿ ಮರಣದಂಡನೆ ವಿಧಿಸುವ ಅಧಿಕಾರ ಎಲ್ಲ ಊರಿಗೂ ಇರಲಿಲ್ಲ. ಅದನ್ನು ‘ಕತ್ತಿಯ ಹಕ್ಕು’ ಎನ್ನುತ್ತಿದ್ದರು. ಟ್ರಾನ್ಸಿಲ್ವೇನಿಯಾದಲ್ಲಿ ಆ ಹಕ್ಕು ಪಡೆದ ಊರು ತನ್ನ ಗೋಪುರದ ಮೂಲೆಗಳಲ್ಲಿ ಇಂಥ ಕಿರುಶಿಖರಗಳನ್ನು ನಿಲ್ಲಿಸುತ್ತಿತ್ತು. ಹತ್ತಿರದ ಸಿಬಿಯೂ ನಗರದ ಲೂಥರನ್ ಚರ್ಚಿನ ಗೋಪುರಕ್ಕೂ ನಾಲ್ಕಿವೆ. ಅಂದರೆ ದೂರದಿಂದ ಬರುವ ವ್ಯಾಪಾರಿಗೂ ಕಳ್ಳನಿಗೂ ಓದು ಬರಹ ಬೇಕಿರಲಿಲ್ಲ. ತಲೆಯೆತ್ತಿ ನೋಡಿದರೆ ಸಾಕು, ಈ ಊರು ವಿಚಾರಣೆ ನಡೆಸಿ ತಲೆ ತೆಗೆಯಬಲ್ಲದು ಎಂದು ತಿಳಿಯುತ್ತಿತ್ತು. ಪಿಕ್ಚರ್ ಪೋಸ್ಟ್‌ಕಾರ್ಡಿನಲ್ಲಿ ಮುದ್ದಾಗಿ ಕಾಣುವ ಆ ನಾಲ್ಕು ಮೊನೆಗಳನ್ನು ಅಲಂಕಾರ ಎನ್ನುವುದಕ್ಕಿಂತ ಎಚ್ಚರಿಕೆಯ ಫಲಕ ಎನ್ನುವುದೇ ಸರಿ.

ಈಗ ಕಾಣುವ ಚಾವಣಿ ಮಾತ್ರ ಅಷ್ಟು ಹಳೆಯದಲ್ಲ. 1676ರ ಏಪ್ರಿಲ್ 30ರಂದು ಊರಿಗೆ ಬೆಂಕಿ ಬಿತ್ತು. ಗೋಪುರದಲ್ಲಿಟ್ಟಿದ್ದ ಮದ್ದಿಗೂ ಕಿಡಿ ತಾಗಿ, ಮೇಲ್ಭಾಗ ಸಿಡಿದು ಹೋಯಿತು. ಮರುವರ್ಷವೇ ಟಿರೋಲ್‌ನ ಫೈಟ್ ಗ್ರೂಬರ್, ಸಾಲ್ಜ್‌ಬರ್ಗ್‌ನ ಫಿಲಿಪ್ ಬೋಂಗೆ ಮೊದಲಾದ ಹೊರನಾಡಿನ ಕುಶಲಿಗಳು ಅದನ್ನು ಮತ್ತೆ ಕಟ್ಟಿದರು. ಕೆಳಗಿನ ಕಲ್ಲಿನ ಮೈ ಹಳೆಯ ಕಾಲದ್ದು, ದಪ್ಪ ಗೋಡೆಯ ಒರಟು ಕಟ್ಟಡ. ಮೇಲೆ ಹೋಗುತ್ತ ಹೋಗುತ್ತ ಈರುಳ್ಳಿಯಂತೆ ಉಬ್ಬಿ ಸಣ್ಣಗಾಗುವ ಬರೋಕ್ ಶೈಲಿಯ ಶಿಖರ. ಒಟ್ಟು ಎತ್ತರ 64 ಮೀಟರ್. ಅದರಲ್ಲಿ 34 ಮೀಟರ್ ಚಾವಣಿಯದೇ. ಅರ್ಧಕ್ಕಿಂತ ಹೆಚ್ಚು ಟೊಪ್ಪಿಗೆಯೇ ಆದ ಕಟ್ಟಡ ಕುಳ್ಳಗೆ ಕಾಣಬೇಕಿತ್ತು, ಆದರೆ ಗುಡ್ಡದ ಅಂಚಿನಲ್ಲಿ ನಿಂತಿರುವುದರಿಂದ ಕೆಳಗಿನ ಪೇಟೆಯಿಂದ ನೋಡಿದರೆ ಕುತ್ತಿಗೆ ನೋಯುತ್ತದೆ. ಫೋಟೊದಲ್ಲಿ ನೀವು ಕಂಡಿರಬಹುದಾದ ಬಣ್ಣಬಣ್ಣದ ಹೆಂಚುಗಳು 1894ರ ಸೇರ್ಪಡೆ.

ಇನ್ನು ಗಡಿಯಾರ. 1648ರಲ್ಲಿ ಯೋಹಾನ್ ಕಿರ್ಶೆಲ್ ಎಂಬಾತ ಹಳೆಯ ಯಂತ್ರ ತೆಗೆದು ಹೊಸದನ್ನು ಕೂರಿಸಿದ. ಒಂದು ಮುಖ ಕೋಟೆಯೊಳಗಿನವರಿಗೆ, ಇನ್ನೊಂದು ಕೆಳಗಿನ ಪೇಟೆಯವರಿಗೆ. ಬೊಂಬೆಗಳನ್ನು ನಿಲ್ಲಿಸಿದ ಕೀರ್ತಿಯನ್ನೂ ಸಾಮಾನ್ಯವಾಗಿ ಅವನಿಗೇ ಕೊಡುತ್ತಾರೆ. ಆಗಿನ್ನೂ ಗಡಿಯಾರಕ್ಕೆ ಲೋಲಕ ಬಂದಿರಲಿಲ್ಲ; ಹಾಲೆಂಡಿನ ಹೈಗೆನ್ಸ್ ಅದನ್ನು ಅಳವಡಿಸಿದ್ದು 1656ರಲ್ಲಿ. ಅದಕ್ಕೆ ಮುಂಚಿನ ಗೋಪುರ ಗಡಿಯಾರಗಳು ಭಾರದ ಗುಂಡು ಕೆಳಗಿಳಿಯುವ ಬಲದಿಂದ ನಡೆಯುತ್ತಿದ್ದವು. ದಿನಕ್ಕೆ ಕಾಲು ಗಂಟೆ ಹಿಂದುಮುಂದಾಗುವುದು ಮಾಮೂಲಿ. ನೆರಳು ನೋಡಿ ತಿದ್ದಿಕೊಳ್ಳಬೇಕಿತ್ತು. ಹಾಗಿದ್ದೂ ಜನ ಅದನ್ನು ನಂಬಿ ಅಂಗಡಿ ತೆರೆದು ಮುಚ್ಚುತ್ತಿದ್ದರು, ಏಕೆಂದರೆ ಊರಿಗೆಲ್ಲ ಒಂದೇ ಹೊತ್ತು ಇರುವುದು ನಿಖರ ಹೊತ್ತಿಗಿಂತ ಮುಖ್ಯವಾಗಿತ್ತು. ಈಗ ಒಳಗಿರುವುದು 1906ರಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಯಂತ್ರ.

ಬೊಂಬೆಗಳು ಮರದವು, ಎರಡೂ ಮುಖದಲ್ಲಿ ಬೇರೆ ಬೇರೆ. ಕೋಟೆಯ ಕಡೆಗೆ ಆಲಿವ್ ಕೊಂಬೆ ಹಿಡಿದ ಶಾಂತಿದೇವತೆ, ಅವಳ ಜೊತೆಗೊಬ್ಬ ಡೋಲು ಬಾರಿಸುವವನು, ತಕ್ಕಡಿ ಮತ್ತು ಕತ್ತಿ ಹಿಡಿದ ನ್ಯಾಯದೇವತೆಯರು, ಹಗಲು ಮತ್ತು ಇರುಳನ್ನು ಸೂಚಿಸುವ ಇಬ್ಬರು ದೇವದೂತರು. ಬೆಳಿಗ್ಗೆ ಆರಕ್ಕೆ ಹಗಲಿನವನ ಪಾಳಿ, ಸಂಜೆ ಆರಕ್ಕೆ ಇರುಳಿನವನದು. ಮೇಲೆ ಶಿಖರಗಳು ಹೇಳಿದ ಮಾತನ್ನೇ ತಕ್ಕಡಿ, ಕತ್ತಿಗಳೂ ಹೇಳುತ್ತಿವೆ ಎಂಬುದನ್ನು ಗಮನಿಸಿ.

ಪೇಟೆಯ ಕಡೆಯ ಏಳು ಬೊಂಬೆಗಳು ನಮಗೆ ಪರಿಚಯವೇ ಬೇಡದ ಬಳಗ. ಸೋಮವಾರಕ್ಕೆ ಚಂದ್ರನ ದೇವತೆ ಡಯಾನಾ, ಮಂಗಳವಾರಕ್ಕೆ ಮಾರ್ಸ್, ಬುಧವಾರಕ್ಕೆ ಮರ್ಕ್ಯುರಿ, ಗುರುವಾರಕ್ಕೆ ಜುಪಿಟರ್, ಶುಕ್ರವಾರಕ್ಕೆ ವೀನಸ್, ಶನಿವಾರಕ್ಕೆ ಸ್ಯಾಟರ್ನ್, ಭಾನುವಾರಕ್ಕೆ ಸೂರ್ಯ. ನಮ್ಮ ಪಂಚಾಂಗದ ಗ್ರಹಗಳೇ, ಅದೇ ಸರದಿ. ಇದು ಕಾಕತಾಳೀಯವಲ್ಲ. ಗ್ರಹಗಳ ಹೆಸರಿನ ವಾರ ಮೆಡಿಟರೇನಿಯನ್ ಕಡೆಯಿಂದ ಎರಡು ದಿಕ್ಕಿಗೂ ಹರಡಿತು. ಮಧ್ಯಪ್ರದೇಶದ ಏರಣದಲ್ಲಿ ಬುಧಗುಪ್ತನ ಕಾಲದ 484ರ ಶಾಸನದಲ್ಲಿ ಆಗಲೇ ಗುರುವಾರದ ಉಲ್ಲೇಖವಿದೆ. ಸಿಗಿಶ್ವಾರಾದ ಬೊಂಬೆಗಳ ತಲೆಯ ಮೇಲೆ ಆಯಾ ಗ್ರಹದ, ಅದಕ್ಕೆ ಸೇರಿದ ಲೋಹದ ಚಿಹ್ನೆಯೂ ಇದೆ: ಚಂದ್ರನಿಗೆ ಬೆಳ್ಳಿ, ಮಾರ್ಸ್‌ಗೆ ಕಬ್ಬಿಣ, ಮರ್ಕ್ಯುರಿಗೆ ಪಾದರಸ, ಜುಪಿಟರ್‌ಗೆ ತವರ, ವೀನಸ್‌ಗೆ ತಾಮ್ರ, ಸ್ಯಾಟರ್ನ್‌ಗೆ ಸೀಸ, ಸೂರ್ಯನಿಗೆ ಚಿನ್ನ. ಚರ್ಚಿಗೆ ನಡೆದುಕೊಳ್ಳುವ ಲೂಥರನ್ ಸ್ಯಾಕ್ಸನ್ನರು ರೋಮಿನ ಹಳೆಯ ದೇವರುಗಳನ್ನು ಹೆಬ್ಬಾಗಿಲ ಮೇಲೆ ನಿಲ್ಲಿಸಿಕೊಂಡು ಯಾವ ಮುಜುಗರವೂ ಇಲ್ಲದೆ ಕೆಳಗೆ ಓಡಾಡಿದರು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

1899ರಿಂದ ಗೋಪುರದೊಳಗೆ ಊರಿನ ಚರಿತ್ರೆಯ ಮ್ಯೂಸಿಯಂ ಇದೆ. 1999ರಲ್ಲಿ ಯುನೆಸ್ಕೋ ಕೋಟೆಯೂರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ, ಕಮ್ಯುನಿಸ್ಟ್ ಆಡಳಿತವನ್ನು ಉರುಳಿಸಿದ 1989ರ ಕ್ರಾಂತಿಯ ನಂತರ, ಸ್ಯಾಕ್ಸನ್ನರಲ್ಲಿ ಬಹುಪಾಲು ಜನ ಜರ್ಮನಿಗೆ ಹೊರಟುಹೋಗಿದ್ದರು. ಗೋಪುರದ ಹತ್ತಿರದ ಹಳದಿ ಮನೆಯಲ್ಲಿ ಡ್ರಾಕುಲಾ ಎಂದು ಹೆಸರಾದ ವ್ಲಾಡ್‌ನ ತಂದೆ ವಾಸವಿದ್ದನೆಂದು ಹೇಳಿ ಪ್ರವಾಸಿಗಳನ್ನು ಅತ್ತ ಎಳೆಯುತ್ತಾರೆ. ನೀವು ಎಂದಾದರೂ ಹೋದರೆ ಅದಕ್ಕಿಂತ ಮೊದಲು ಗೋಪುರದ ಮೆಟ್ಟಿಲು ಹತ್ತಿ. ಯಂತ್ರವನ್ನೂ ಬೊಂಬೆಗಳ ಬೆನ್ನನ್ನೂ ಹತ್ತಿರದಿಂದ ನೋಡಬಹುದು, ಮೇಲಿನ ಮೊಗಸಾಲೆಯಿಂದ ಊರೆಲ್ಲ ಕಾಣುತ್ತದೆ. ವಾರದ ಬೊಂಬೆ ಬದಲಾಗುವುದನ್ನು ನೋಡಲೇಬೇಕೆಂದಿದ್ದರೆ ಮಾತ್ರ ಕೆಳಗೆ ಪೇಟೆಯ ಬದಿಯಲ್ಲಿ ನಿಲ್ಲಬೇಕು, ಅದೂ ನಡುರಾತ್ರಿ ಹನ್ನೆರಡಕ್ಕೆ.