ಬರೆಯದ ನಿಘಂಟು

ಭಾರತದ ಈಶಾನ್ಯದ ಅಂಚಿನಲ್ಲಿ, ಬ್ರಹ್ಮಪುತ್ರಾ ನದಿಯ ಉತ್ತರಕ್ಕೆ, ಅರುಣಾಚಲ ಪ್ರದೇಶದ ದಟ್ಟವಾದ ಅರಣ್ಯಗಳು ಹಬ್ಬಿವೆ. ಅಲ್ಲಿ ಕಾಮೆಂಗ್ ಮತ್ತು ಸುಬನ್ಸಿರಿ ನದಿಗಳ ಮೇಲಣ ಕಣಿವೆಗಳಲ್ಲಿ ಚದುರಿಹೋಗಿರುವ ಸಣ್ಣ ಸಣ್ಣ ಊರುಗಳಲ್ಲಿ ಪುರೋಯಿಕ್ ಎಂಬ ಜನರು ವಾಸಿಸುತ್ತಾರೆ. ಅವರ ನುಡಿಯ ಹೆಸರೂ ಪುರೋಯಿಕ್. ಆ ನುಡಿಗೆ ಪರಂಪರೆಯಿಂದ ಬಂದ ಲಿಪಿಯಿಲ್ಲ. ಹಳೆಯ ಶಾಸನವಿಲ್ಲ, ಓಲೆಗರಿಯ ಗ್ರಂಥವಿಲ್ಲ. ಹಾಗೆಂದು ಅದನ್ನು ಬಡ ನುಡಿಯೆಂದು ಎಣಿಸುವುದು ಸಲ್ಲದು. ಅವರ ಬದುಕೇ ಅವರ ನಿಘಂಟು.

ಯಾವ ಜನರು ಯಾವ ಕೆಲಸದಲ್ಲಿ ತಲೆಮಾರುಗಳಿಂದ ತೊಡಗಿರುವರೋ ಆ ಕೆಲಸದ ಸುತ್ತ ಅವರ ಮಾತು ಹುಲುಸಾಗಿ ಬೆಳೆಯುತ್ತದೆ. ಇದಕ್ಕೆ ಕನ್ನಡವೇ ಸಾಕ್ಷಿ. ಗದ್ದೆಯಲ್ಲಿರುವಾಗ ಭತ್ತ, ಕುಟ್ಟಿದ ಮೇಲೆ ಅಕ್ಕಿ, ಬೇಯಿಸಿದ ಮೇಲೆ ಅನ್ನ. ಇಂಗ್ಲಿಷಿನಲ್ಲಿ ಈ ಮೂರಕ್ಕೂ ಸಾಮಾನ್ಯವಾಗಿ ಒಂದೇ ಮಾತು. ಸಸಿಮಡಿ, ನಾಟಿ, ತೆನೆ, ಮೆದೆ, ಒಕ್ಕಣೆ, ಜೊಳ್ಳು, ತೌಡು, ನುಚ್ಚು ಎಂಬ ಮಾತುಗಳ ಹಿಂದೆ ಸಾವಿರಾರು ವರ್ಷಗಳ ಬೇಸಾಯದ ಅನುಭವವಿದೆ.

ಪುರೋಯಿಕರಿಗೆ ಅಂತಹ ಆಸರೆಯಾಗಿ ನಿಂತದ್ದು ಭತ್ತದ ಗದ್ದೆಯಲ್ಲ, ಕಾಡಿನ ಮರ. ಮಲೆನಾಡಿನ ಬಗನಿಯಂತೆ ತಾಳೆಯ ಕುಲಕ್ಕೆ ಸೇರಿದ ಮರವೊಂದರ ಕಾಂಡದೊಳಗಿನ ಹಿಟ್ಟು ಅವರ ಸಾಂಪ್ರದಾಯಿಕ ಆಹಾರ. ಕರ್ನಾಟಕದ ಅಂಗಡಿಗಳಲ್ಲಿ ದೊರೆಯುವ ಸಬ್ಬಕ್ಕಿಯನ್ನು ಈಗ ಮರಗೆಣಸಿನ ಹಿಟ್ಟಿನಿಂದ ತಯಾರಿಸುತ್ತಾರೆ; ಪುರೋಯಿಕರದಾದರೋ ಮರದ ಒಡಲಿನಿಂದಲೇ ತೆಗೆದ ಹಿಟ್ಟು. ತಾಳೆಯ ಮರ ಹೂ ಬಿಡುವ ಮುನ್ನ ತನ್ನ ಕಾಂಡದಲ್ಲಿ ಹಿಟ್ಟನ್ನು ಕೂಡಿಡುತ್ತದೆ; ಹೂವು ಕಾಯಿಗಳಾದ ಮೇಲೆ ಆ ಸಂಗ್ರಹ ಬರಿದಾಗುತ್ತದೆ. ಆದುದರಿಂದ ಹದವರಿತು ಮರವನ್ನು ಕಡಿಯಬೇಕು. ಕಾಂಡವನ್ನು ಸೀಳಿ, ಒಳಗಿನ ತಿರುಳನ್ನು ಜಜ್ಜಿ ನಾರುನಾರಾಗಿಸಿ, ಅದರ ಮೇಲೆ ನೀರೆರೆದು ತೊಳೆಯಬೇಕು. ನಾರು ಮೇಲುಳಿದು, ಹಾಲಿನಂತಹ ನೀರು ಕೆಳಗಿಳಿಯುತ್ತದೆ. ಅದು ತಿಳಿಯಾದಾಗ ತಳದಲ್ಲಿ ನಿಲ್ಲುವ ಬಿಳಿಯ ಗಸಿಯೇ ಆಹಾರ. ಬಲಿತ ಮರ ಯಾವುದು, ಎಳೆಯದು ಯಾವುದು, ತಿರುಳು ಎಷ್ಟು ನುಣ್ಣಗಾಗಬೇಕು, ನೀರು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಮಗನಿಗೆ ತಂದೆ, ಮಗಳಿಗೆ ತಾಯಿ ಮಾತಿನಲ್ಲಿಯೇ ಹೇಳಿಕೊಡಬೇಕು. ಆ ಮಾತು ಮರೆತರೆ ಅರಿವೂ ಮಸುಕಾಗುತ್ತದೆ.

ಪುರೋಯಿಕರು ಬೇಟೆ ಮತ್ತು ಆಹಾರ ಸಂಗ್ರಹದ ಜೊತೆಗೆ ಕಾಲಕ್ರಮದಲ್ಲಿ ಬೆಟ್ಟದ ಬೇಸಾಯವನ್ನೂ ಕೈಗೊಂಡರು. ಒಂದು ಬೆಳೆ ಒಂದು ನಾಡಿಗೆ ಎಂದು, ಯಾರಿಂದ ಬಂದಿತೆಂಬುದನ್ನು ಅದರ ಹೆಸರಿನಿಂದಲೇ ಊಹಿಸಬಹುದು. ಮೆಣಸು ಕನ್ನಡ ನಾಡಿನ ಹಳೆಯ ಸಂಬಾರ. ಅಮೆರಿಕ ಖಂಡದ ಖಾರದ ಕಾಯಿಯನ್ನು ಪೋರ್ಚುಗೀಸರು ತಂದಾಗ ಜನರು ಅದಕ್ಕೆ ‘ಮೆಣಸಿನಕಾಯಿ’ ಎಂದು ಹೆಸರಿಟ್ಟರು. ಅದೇ ಖಂಡದಿಂದ ಬಂದ ಇನ್ನೊಂದು ಬೆಳೆ ‘ಮುಸುಕಿನ ಜೋಳ’ವಾಯಿತು. ಹಳೆಯ ಹೆಸರು ಹೊಸ ವಸ್ತುವಿಗೆ ಆಸರೆಯಾಯಿತು. ನೆರೆಯವರಿಂದ ಬೆಳೆಯ ಜೊತೆಗೆ ಹೆಸರೂ ಎರವಲಾಗಿ ಬರುವುದುಂಟು. ಬರಹದ ಚರಿತ್ರೆಯಿಲ್ಲದ ಜನರ ಹಿಂದಿನ ಕಾಲವನ್ನು ಅರಿಯಲು ಇಂತಹ ಪದಗಳೇ ಶಾಸನಗಳು.

ಪುರೋಯಿಕ್ ನುಡಿಯ ಬಂಧುತ್ವವನ್ನು ಅರಸಿದವರೂ ಇದೇ ಹಾದಿಯನ್ನು ಹಿಡಿದರು. ಭಾಷಾವಿಜ್ಞಾನಿ ಜಾರ್ಜ್ ವಾನ್ ಡ್ರೀಮ್ ಅವರು 2001ರಲ್ಲಿ ಇದನ್ನೂ, ಬುಗುನ್, ಶೆರ್‌ದುಕ್ಪೆನ್ ಮೊದಲಾದ ನೆರೆಯ ನುಡಿಗಳನ್ನೂ ಒಂದು ಗುಂಪಾಗಿ ಕಂಡು, ಅದಕ್ಕೆ ‘ಖೋ-ಬ್ವಾ’ ಎಂದು ಹೆಸರಿಟ್ಟರು. ಆ ನುಡಿಗಳ ಮೂಲರೂಪವೆಂದು ಅವರು ಊಹಿಸಿದ ಮಾತುಗಳಲ್ಲಿ ‘ಖೋ’ ಎಂದರೆ ನೀರು, ‘ಬ್ವಾ’ ಎಂದರೆ ಬೆಂಕಿ. ರಾಜರ ಹೆಸರಲ್ಲ, ರಾಜ್ಯದ ಹೆಸರಲ್ಲ. ಪ್ರತಿಯೊಂದು ಮನೆಯಲ್ಲಿಯೂ ದಿನವೂ ಬೇಕಾಗುವ ಎರಡು ವಸ್ತುಗಳ ಹೆಸರುಗಳೇ ಒಂದು ನುಡಿಬಳಗಕ್ಕೆ ಗುರುತಾದುವು. ಪುರೋಯಿಕ್ ಈ ಬಳಗಕ್ಕೆ ನಿಜವಾಗಿಯೂ ಸೇರಿದುದೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು.

ಈ ಜನರ ಕಥೆಯಲ್ಲಿ ನೋವೂ ಇದೆ. ಹಳೆಯ ಪುಸ್ತಕಗಳಲ್ಲಿ ಅವರನ್ನು ‘ಸುಲುಂಗ್’ ಎಂದು ಕರೆದಿದೆ. ಅದು ನೆರೆಯವರು ಇಟ್ಟ ಹೆಸರು. ಜೀತದ ಕಳಂಕ ಅದಕ್ಕೆ ಅಂಟಿಕೊಂಡಿದೆ. ಅನೇಕ ಪುರೋಯಿಕ್ ಕುಟುಂಬಗಳು ತಲೆತಲಾಂತರದಿಂದ ನೆರೆಯ ಪ್ರಬಲ ಬುಡಕಟ್ಟುಗಳ ಯಜಮಾನರಲ್ಲಿ ಜೀತಕ್ಕಿದ್ದುವು. ದುಡಿಯುವವನು ಯಜಮಾನನ ಮಾತನ್ನು ಕಲಿಯಬೇಕಾಯಿತು. ಯಜಮಾನನಿಗೆ ದುಡಿಯುವವನ ಮಾತನ್ನು ಕಲಿಯುವ ಅಗತ್ಯವಿರಲಿಲ್ಲ. ಸಂವಿಧಾನದ 23ನೆಯ ವಿಧಿ ಬಲಾತ್ಕಾರದ ದುಡಿಮೆಯನ್ನು ನಿಷೇಧಿಸಿತು. 1976ರಲ್ಲಿ ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದಿತು. ತಮ್ಮನ್ನು ಪುರೋಯಿಕರೆಂದೇ ಕರೆಯಬೇಕೆಂದು ಆ ಜನರು ಕೇಳುವುದು ಬರಿಯ ಹೆಸರಿನ ಮಾತಲ್ಲ, ಮಾನದ ಮಾತು.

ಇಂದು ಶಾಲೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಹಿಂದಿ, ಇಂಗ್ಲಿಷ್ ಭಾಷೆಗಳು ಬಳಕೆಯಲ್ಲಿವೆ. ಅವನ್ನು ಕಲಿಯುವುದು ಮಕ್ಕಳ ಏಳಿಗೆಗೆ ಅಗತ್ಯವೇ. ಆದರೆ ಕಲಿತ ನುಡಿ ತಾಯಿನುಡಿಯ ಪಕ್ಕದಲ್ಲಿ ಕೂರಬೇಕೇ ಹೊರತು ಅದರ ಸ್ಥಾನವನ್ನು ಕಸಿಯಬಾರದು. ಪುರೋಯಿಕ್ ಊರುಗಳ ಮಾತಿನಲ್ಲಿ ಪರಸ್ಪರ ವ್ಯತ್ಯಾಸ ಬಹಳ. ಒಂದು ಊರಿನ ಮಾತು ಅಳಿದರೆ ಇನ್ನೊಂದು ಊರಿನ ಮಾತು ಅದನ್ನು ಪೂರ್ತಿಯಾಗಿ ತುಂಬಲಾರದು. ಬುಲು ಎಂಬ ಊರಿನ ಪುರೋಯಿಕ್ ಮಾತಿಗೆ 2017ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ವ್ಯಾಕರಣವನ್ನು ರಚಿಸಿದರು. ಇದು ಮೆಚ್ಚತಕ್ಕ ಕಾರ್ಯ. ಆದರೆ ಗ್ರಂಥವು ಮಾತನ್ನು ಕಾಪಿಡಬಲ್ಲುದೇ ಹೊರತು ಆಡಲಾರದು. ಮರವನ್ನು, ಹೊಳೆಯನ್ನು, ಒಲೆಯ ಬೆಂಕಿಯನ್ನು ಮಗು ತನ್ನ ತಾಯಿಯ ಮಾತಿನಲ್ಲಿ ಕರೆಯುವವರೆಗೆ ಮಾತ್ರ ಆ ನುಡಿ ಬದುಕಿರುತ್ತದೆ.

ಶಬ್ದಾರ್ಥ
ಹುಲುಸು – ಸಮೃದ್ಧಿ. ಮೆದೆ – ತೆನೆಸಹಿತ ಪೈರಿನ ರಾಶಿ. ಗಸಿ – ದ್ರವದ ತಳದಲ್ಲಿ ನಿಲ್ಲುವ ಮಡ್ಡಿ. ಎರವಲು – ಸಾಲವಾಗಿ ಪಡೆದದ್ದು. ಕಳಂಕ – ಕಪ್ಪುಚುಕ್ಕೆ, ದೋಷ.

ಅಭ್ಯಾಸ
1. ತಾಳೆಯ ಮರವನ್ನು ಹೂ ಬಿಡುವ ಮುನ್ನವೇ ಕಡಿಯಬೇಕು, ಏಕೆ?
2. ‘ಪದಗಳೇ ಶಾಸನಗಳು’ ಎಂಬ ಮಾತನ್ನು ಉದಾಹರಣೆಯೊಡನೆ ವಿವರಿಸಿ.
3. ತಮ್ಮನ್ನು ಪುರೋಯಿಕರೆಂದೇ ಕರೆಯಬೇಕೆಂದು ಆ ಜನರು ಬಯಸಲು ಕಾರಣವೇನು?
4. ನಿಮ್ಮ ಊರಿನ ಹಿರಿಯರನ್ನು ಕೇಳಿ, ಬೇಸಾಯಕ್ಕೆ ಅಥವಾ ಅಡುಗೆಗೆ ಸಂಬಂಧಿಸಿದ, ಈಗ ಬಳಕೆ ತಪ್ಪುತ್ತಿರುವ ಹತ್ತು ಪದಗಳನ್ನು ಸಂಗ್ರಹಿಸಿ.