ಮಾಜಿ ಸೈನಿಕರ ಚಿಕಿತ್ಸೆ: ವೈದ್ಯರು ಬರೆದುಕೊಡುವ ಒಂದು ಸಾಲಿನ ಬೆಲೆ

ಸೇನೆಯಿಂದ ನಿವೃತ್ತರಾಗಿ ಊರು ಸೇರಿದವರು ಜ್ವರ ಬಂದರೂ ಎದೆ ನೋವು ಬಂದರೂ ಮೊದಲು ಹೋಗುವುದು ಹತ್ತಿರದ ಕ್ಲಿನಿಕ್ಕಿಗೆ. ಮಿಲಿಟರಿ ಆಸ್ಪತ್ರೆ ಬೆಂಗಳೂರಿನಲ್ಲೋ ಬೆಳಗಾವಿಯಲ್ಲೋ ಇರುತ್ತದೆ. ಮನೆಮನೆಯಿಂದ ಸೇನೆಗೆ ಹೋಗಿಬಂದ ಕೊಡಗಿನಲ್ಲಂತೂ ಇಂಥ ರೋಗಿಗಳನ್ನು ಕಾಣದ ವೈದ್ಯರೇ ಇರಲಾರರು. ಆದರೆ ಎಷ್ಟೋ ಕ್ಲಿನಿಕ್ಕುಗಳ ರಿಜಿಸ್ಟರಿನಲ್ಲಿ ಹೆಸರು, ವಯಸ್ಸು, ಫೋನ್ ನಂಬರ್ ಬಿಟ್ಟರೆ ಬೇರೇನೂ ಇರುವುದಿಲ್ಲ. 'ನೀವು ಅಥವಾ ಮನೆಯವರು ಯಾರಾದರೂ ಸೇನೆಯಲ್ಲಿದ್ದಿರಾ?' ಎಂಬ ಒಂದು ಪ್ರಶ್ನೆ ಅಲ್ಲಿ ಸೇರಿದರೆ ಸಾಕು, ಆ ಕುಟುಂಬಕ್ಕೆ ಕಾನೂನು ಕೊಟ್ಟಿರುವ ಹಲವು ಹಕ್ಕುಗಳ ಬಾಗಿಲು ತೆರೆಯುತ್ತದೆ.

ಆ ಹಕ್ಕುಗಳಲ್ಲಿ ದೊಡ್ಡದು ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ವಂತಿಗೆ ಆಧಾರಿತ ಆರೋಗ್ಯ ಯೋಜನೆ. 2003ರ ಏಪ್ರಿಲ್ 1ರಂದು ಜಾರಿಗೆ ಬಂತು. ಪಿಂಚಣಿ ಪಡೆಯುವ ಮಾಜಿ ಸೈನಿಕರು, ಕುಟುಂಬ ಪಿಂಚಣಿ ಪಡೆಯುವ ಪತ್ನಿಯರು ಮತ್ತು ಅವರ ಅವಲಂಬಿತರು ಇದರ ವ್ಯಾಪ್ತಿಗೆ ಬರುತ್ತಾರೆ. ವಂತಿಗೆಯನ್ನು ಒಮ್ಮೆ ಕಟ್ಟಿದರೆ ಆಯಿತು. 1996ಕ್ಕೆ ಮೊದಲು ನಿವೃತ್ತರಾದವರು ಮತ್ತು ಯುದ್ಧದಲ್ಲಿ ಪತಿಯನ್ನು ಕಳೆದುಕೊಂಡ ವೀರನಾರಿಯರು ಅದನ್ನೂ ಕಟ್ಟಬೇಕಿಲ್ಲ. ಅವಲಂಬಿತರ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಸಂಪಾದನೆಯಿಲ್ಲದ, ಮದುವೆಯಾಗದ ಮಗನಿಗೆ 25 ವರ್ಷದವರೆಗೆ, ಸಂಪಾದನೆಯಿಲ್ಲದ ಮಗಳಿಗೆ ಮದುವೆಯಾಗುವ ತನಕ ಸೌಲಭ್ಯವಿದೆ. ವಿಧವೆಯಾಗಿಯೋ ವಿಚ್ಛೇದನ ಪಡೆದೋ ತವರಿಗೆ ಬಂದು ತಂದೆಯನ್ನೇ ಅವಲಂಬಿಸಿರುವ ಮಗಳನ್ನು ಮತ್ತೆ ಸೇರಿಸಬಹುದು. ಮಾಜಿ ಸೈನಿಕರ ತಂದೆತಾಯಿಯ ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಮಿತಿಯೊಳಗಿದ್ದರೆ ಅವರೂ ಅರ್ಹರು. ಅಂಗವಿಕಲ ಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ.

ಸಾಮಾನ್ಯ ದಿನಗಳಲ್ಲಿ ದಾರಿ ಸರಳ. ಬೆಂಗಳೂರು, ಮೈಸೂರು, ಮಂಗಳೂರು, ಮಡಿಕೇರಿ, ಬೆಳಗಾವಿ ಮೊದಲಾದ ಕಡೆ ಇರುವ ಇಸಿಎಚ್‌ಎಸ್ ಪಾಲಿಕ್ಲಿನಿಕ್ಕಿಗೆ ಹೋಗಬೇಕು. ಅಲ್ಲಿ ಆಗದ ಚಿಕಿತ್ಸೆಗೆ ರೆಫರಲ್ ಪಡೆದು, ಯೋಜನೆಯ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ತೋರಿಸಿದರೆ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆ. ನಿಗದಿತ ವಯಸ್ಸು ದಾಟಿದ ಹಿರಿಯರು ಪಟ್ಟಿಯಲ್ಲಿರುವ ಆಸ್ಪತ್ರೆಯ ತಜ್ಞರನ್ನು ರೆಫರಲ್ ಇಲ್ಲದೆಯೂ ಕಾಣಬಹುದು.

ಕಷ್ಟ ಬರುವುದು ತುರ್ತು ಸಂದರ್ಭದಲ್ಲಿ. ಸೋಮವಾರಪೇಟೆಯ ಒಳಹಳ್ಳಿಯಲ್ಲಿರುವ ನಿವೃತ್ತ ಹವಾಲ್ದಾರರೊಬ್ಬರಿಗೆ ಮಳೆಗಾಲದ ನಡುರಾತ್ರಿ ಎದೆ ಹಿಡಿದುಕೊಂಡಿತೆಂದು ಇಟ್ಟುಕೊಳ್ಳಿ. ಮೈಸೂರು ನೂರು ಕಿಲೋಮೀಟರಿಗೂ ಆಚೆ. ಹತ್ತಿರದಲ್ಲಿರುವುದು ಯೋಜನೆಯ ಪಟ್ಟಿಯಲ್ಲಿಲ್ಲದ ನರ್ಸಿಂಗ್ ಹೋಂ. ಅಲ್ಲಿಗೇ ಸೇರಿಸಬಹುದು, ಸೇರಿಸಲೇಬೇಕು. ಪಟ್ಟಿಯಲ್ಲಿಲ್ಲದ ಕಾರಣ ಬಿಲ್ಲನ್ನು ಮನೆಯವರೇ ಕಟ್ಟಬೇಕಾಗುತ್ತದೆ, ಆದರೆ ಅದು ಕೈಬಿಟ್ಟುಹೋದ ಹಣವಲ್ಲ. ಸೇರಿಸಿದ 48 ಗಂಟೆಗಳೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಗುಣವಾದ ಮೇಲೆ ಬಿಲ್ಲು, ಡಿಸ್ಚಾರ್ಜ್ ಸಮರಿ, ತುರ್ತು ಪ್ರಮಾಣಪತ್ರಗಳನ್ನು ಸಲ್ಲಿಸಿದರೆ ಸರ್ಕಾರಿ ದರದ ಲೆಕ್ಕದಲ್ಲಿ ಮರುಪಾವತಿಯಾಗುತ್ತದೆ. ಮನೆಯವರು ಗಾಬರಿಯಲ್ಲಿರುತ್ತಾರೆ, ಫೋನ್ ಮಾಡಿಯೋ ಇಮೇಲ್ ಕಳಿಸಿಯೋ ತಿಳಿಸಬೇಕೆಂದು ಅವರಿಗೆ ನೆನಪಿಸುವ ಕೆಲಸವನ್ನು ಡ್ಯೂಟಿಯಲ್ಲಿರುವ ನರ್ಸ್ ಕೂಡ ಮಾಡಬಹುದು.

ಅರ್ಜಿಯ ಗತಿ ಬಹುಪಾಲು ನಿರ್ಧಾರವಾಗುವುದು ವೈದ್ಯರ ಬರಹದಲ್ಲಿ. 'ಎದೆ ನೋವು, ದಾಖಲು ಮಾಡಲಾಯಿತು' ಎಂದಷ್ಟೇ ಬರೆದರೆ, ಇದು ತುರ್ತು ಹೇಗಾಯಿತು ಎಂದು ಮುಂದೆ ಕಡತ ನೋಡುವವರು ಕೇಳುತ್ತಾರೆ. 'ರಾತ್ರಿ 2.40ಕ್ಕೆ ಕರೆತಂದರು, ಒಂದು ಗಂಟೆಯಿಂದ ಎದೆ ನೋವು, ಬೆವರು, ಇಸಿಜಿಯಲ್ಲಿ ಹೃದಯಾಘಾತದ ಲಕ್ಷಣ, ಬೇರೆ ಆಸ್ಪತ್ರೆಗೆ ಸಾಗಿಸಿದ್ದರೆ ಪ್ರಾಣಾಪಾಯವಿತ್ತು' ಎಂದು ಬರೆದು, ಸಹಿ ಹಾಕಿ, ನೋಂದಣಿ ಸಂಖ್ಯೆಯ ಮೊಹರು ಒತ್ತಿದರೆ ಆ ಪ್ರಶ್ನೆಗೆ ಅಲ್ಲೇ ಉತ್ತರ ಸಿಗುತ್ತದೆ. ಎರಡು ನಿಮಿಷದ ಬರವಣಿಗೆ ಒಂದು ಕುಟುಂಬದ ವರ್ಷದ ಉಳಿತಾಯವನ್ನು ಕಾಯುತ್ತದೆ.

ಪಟ್ಟಿಯಲ್ಲಿಲ್ಲದ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಅರ್ಜಿ ತಿರಸ್ಕಾರವಾದರೆ ಸುಮ್ಮನೆ ಕೂರಬೇಡಿ. 2018ರಲ್ಲಿ ಶಿವಕಾಂತ್ ಝಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಚಿಕಿತ್ಸೆ ನಿಜವಾಗಿ ನಡೆದಿದೆಯೇ, ಅದಕ್ಕೆ ಸರಿಯಾದ ದಾಖಲೆ ಇದೆಯೇ ಎಂಬುದೇ ಮುಖ್ಯ. ಆಸ್ಪತ್ರೆಯ ಹೆಸರು ಪಟ್ಟಿಯಲ್ಲಿಲ್ಲ ಎಂಬುದಷ್ಟರಿಂದ ಮರುಪಾವತಿ ನಿರಾಕರಿಸುವಂತಿಲ್ಲ ಎಂದು ಅದು ಹೇಳಿತು. ಆ ತೀರ್ಪು ಬಂದದ್ದು ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯ ಪ್ರಕರಣದಲ್ಲಿ. ತತ್ವ ಇಲ್ಲಿಗೂ ಹೊಂದುವುದರಿಂದ ಮೇಲ್ಮನವಿಯಲ್ಲಿ ಅದನ್ನು ಧಾರಾಳವಾಗಿ ಉಲ್ಲೇಖಿಸಿ.

ಪಟ್ಟಿಯಲ್ಲಿರುವ ಆಸ್ಪತ್ರೆಗಳಿಗೂ ಒಂದು ಮಾತು. ಸರ್ಕಾರದಿಂದ ಬಿಲ್ಲಿನ ಹಣ ತಡವಾಗಿ ಬರುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಅದು ಆಸ್ಪತ್ರೆ ಮತ್ತು ಸರ್ಕಾರದ ನಡುವಿನ ವ್ಯವಹಾರ. ಅದರ ಸಿಟ್ಟನ್ನು ಸ್ಟ್ರೆಚರ್ ಮೇಲಿರುವ ಮುದುಕರ ಮೇಲೆ ತೀರಿಸಿಕೊಳ್ಳುವುದು, 'ಇಸಿಎಚ್‌ಎಸ್ ಬೆಡ್ ಖಾಲಿ ಇಲ್ಲ' ಎಂದು ವಾಪಸು ಕಳಿಸುವುದು ಒಪ್ಪಂದದ ಉಲ್ಲಂಘನೆ. ತುರ್ತು ಚಿಕಿತ್ಸೆಯ ಮಟ್ಟಿಗೆ ಕಾನೂನು ಇನ್ನೂ ಖಡಾಖಂಡಿತ. ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಹೇಳಿದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ತುರ್ತು ಸಂದರ್ಭದಲ್ಲಿ ಮುಂಗಡ ಹಣಕ್ಕೆ ಪಟ್ಟು ಹಿಡಿಯುವಂತಿಲ್ಲ, ಬಾಕಿ ಬಿಲ್ಲಿಗಾಗಿ ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಈ ಕಾಯ್ದೆಯಡಿ ದೂರು ಕೇಳುವ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಜಿಲ್ಲಾಧಿಕಾರಿಯೇ. ದೂರಿನ ಇನ್ನೊಂದು ಪ್ರತಿಯನ್ನು ನಿಮ್ಮ ಪಾಲಿಕ್ಲಿನಿಕ್ಕಿನ ಉಸ್ತುವಾರಿ ಅಧಿಕಾರಿಗೆ ಕೊಟ್ಟು, ಸ್ವೀಕೃತಿ ಪಡೆಯಿರಿ.

ಚಿಕಿತ್ಸೆಯ ದಾಖಲೆ ಪಡೆಯುವುದು ರೋಗಿಯ ಹಕ್ಕು. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯ ಪ್ರಕಾರ ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮಾಜಿ ಸೈನಿಕರಿಗೆ ಇದು ಇನ್ನೊಂದು ಕಾರಣಕ್ಕೆ ಅಮೂಲ್ಯ. ಸೇವೆಯಲ್ಲಿದ್ದಾಗ ತಗುಲಿದ ಕಾಯಿಲೆಗೆ ಅಂಗವೈಕಲ್ಯ ಪಿಂಚಣಿ ಕೇಳುವವರಿಗೆ ವೈದ್ಯಕೀಯ ಕಡತವೇ ಆಧಾರ. 2013ರ ಧರಮ್‌ವೀರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸೇನೆಗೆ ಸೇರುವಾಗ ಕಾಯಿಲೆಯ ಉಲ್ಲೇಖ ಇಲ್ಲದಿದ್ದು, ಮುಂದೆ ಅದೇ ಕಾರಣಕ್ಕೆ ಸೇವೆಯಿಂದ ಬಿಡುಗಡೆಯಾಗಿದ್ದರೆ, ಆರೋಗ್ಯ ಕೆಟ್ಟದ್ದು ಸೇವೆಯಿಂದಲೇ ಎಂದು ಭಾವಿಸಬೇಕೆಂದಿತು. ಅಲ್ಲವೆಂದು ತೋರಿಸುವ ಹೊಣೆ ಸರ್ಕಾರದ್ದು. ಈ ತೀರ್ಪು 1982ರ ನಿಯಮಗಳ ಮೇಲೆ ನಿಂತಿದೆ. 2023ರಲ್ಲಿ ಹೊಸ ನಿಯಮಗಳು ಬಂದಿರುವುದರಿಂದ ಈಚೆಗೆ ನಿವೃತ್ತರಾದವರು ವಕೀಲರನ್ನು ಕೇಳಿಯೇ ಮುಂದುವರಿಯಬೇಕು.

ರಜೆಯಲ್ಲಿ ಬಂದ ಯೋಧ ಊರಿನಲ್ಲಿ ಕಾಯಿಲೆ ಬಿದ್ದರೆ ವೈದ್ಯರ ಜವಾಬ್ದಾರಿ ಇನ್ನೂ ಹೆಚ್ಚು. ಸಕಾರಣವಿಲ್ಲದೆ ರಜೆ ಮೀರಿ ಉಳಿಯುವುದು 1950ರ ಸೇನಾ ಕಾಯ್ದೆಯ 39ನೇ ಕಲಮಿನಡಿ ಅಪರಾಧ. ಆದ್ದರಿಂದ ಆತ ಕೂಡಲೇ ತನ್ನ ಘಟಕಕ್ಕೆ ತಿಳಿಸಬೇಕು, ಪ್ರಯಾಣ ಮಾಡುವಂತಿದ್ದರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬೇಕು. ಪ್ರಯಾಣ ಸಾಧ್ಯವಿಲ್ಲದಿದ್ದರೆ ಏಕೆ ಸಾಧ್ಯವಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಬರೆದುಕೊಡಬೇಕು. ಪರಿಚಯದ ಹುಡುಗ ಎಂದು ಇಲ್ಲದ ಕಾಯಿಲೆಗೆ ಸರ್ಟಿಫಿಕೇಟ್ ಕೊಟ್ಟರೆ ಅವನ ನೌಕರಿಗೂ ವೈದ್ಯರ ನೋಂದಣಿಗೂ ಕುತ್ತು.

ಮನಸ್ಸಿನ ನೋವನ್ನು ಸೈನಿಕರ ಮನೆಗಳವರು ಬೇಗ ಬಾಯಿಬಿಟ್ಟು ಹೇಳುವುದಿಲ್ಲ. ನಿದ್ದೆ ಬರುವುದಿಲ್ಲ, ತಲೆ ನೋವು ಎಂದು ಬರುತ್ತಾರೆ. ಪತಿ ಗಡಿಯಲ್ಲಿದ್ದು, ಮಕ್ಕಳು, ವಯಸ್ಸಾದ ಅತ್ತೆಮಾವ, ಸಾಲ ಎಲ್ಲವನ್ನೂ ಒಬ್ಬಳೇ ನಿಭಾಯಿಸುವ ಹೆಂಗಸನ್ನು 'ನಿಮಗೆ ಹೇಗಿದೆಯಮ್ಮಾ?' ಎಂದು ಕೇಳುವವರು ಹಲವು ಬಾರಿ ಆ ವೈದ್ಯರೊಬ್ಬರೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಟ್ಟಿದೆ. ಆಕೆ ಹೇಳಿಕೊಂಡದ್ದು ಊರಿಗೆ ತಿಳಿಯಬಾರದು. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತನಾಡಬಹುದು. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬದವರಿಗಾಗಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರಿನಲ್ಲಿ ಇದರದೇ ಒಂದು ವಿಶೇಷ ಘಟಕ ಶುರುವಾಯಿತು.

ಕಾಗದಪತ್ರದ ಗೊಂದಲವಿದ್ದರೆ ನಿಮ್ಮ ಭಾಗದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ. ಪತಿ ತೀರಿಕೊಂಡ ಮೇಲೆ ಕಾರ್ಡ್ ಬದಲಾಯಿಸುವುದು ಹೇಗೆಂದು ತಿಳಿಯದೆ ಕುಳಿತಿರುವ ತಾಯಂದಿರಿಗೆ ಅದೇ ಮೊದಲ ಮೆಟ್ಟಿಲು. ಅರ್ಜಿ ತಿಂಗಳುಗಟ್ಟಲೆ ಅಲುಗಾಡದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಮಾಹಿತಿ ಹಕ್ಕಿನಡಿ ಕಡತದ ಸ್ಥಿತಿಯನ್ನೂ ಕೇಳಿ.

ವೈದ್ಯರಲ್ಲಿ ನನ್ನ ವಿನಂತಿ ಇಷ್ಟೇ: ಹತ್ತಿರದ ಪಾಲಿಕ್ಲಿನಿಕ್ಕಿನ ಫೋನ್ ನಂಬರ್, 48 ಗಂಟೆಯ ಗಡುವು, 14416 ಈ ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆಸಿ ನಿಮ್ಮ ಕ್ಲಿನಿಕ್ಕಿನ ಗೋಡೆಗೆ ಹಾಕಿ. ಕುಟುಂಬದವರು ಇವತ್ತೇ ಕಾರ್ಡ್ ತೆಗೆದು, ಮನೆಯ ಅರ್ಹರೆಲ್ಲರ ಹೆಸರೂ ದಾಖಲಾಗಿದೆಯೇ ಎಂದು ನೋಡಿಕೊಳ್ಳಲಿ.